ನಾಳೆಯ ಮಾತು ಇಂಗ್ಲಿಷಿನಲ್ಲಿ: 'ವಿಲ್' ಯಾವಾಗ, ಉಳಿದವು ಯಾವಾಗ

"ನಾಳೆ ಹೋಗ್ತೀನಿ." ಕನ್ನಡದಲ್ಲಿ ಇಷ್ಟು ಹೇಳಿದರೆ ಕೆಲಸ ಮುಗಿಯಿತು. ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಕನಿಷ್ಠ ಐದು ದಾರಿಗಳಿವೆ: "ಐ ವಿಲ್ ಗೋ", "ಐ ಆಮ್ ಗೋಯಿಂಗ್ ಟು ಗೋ", "ಐ ಆಮ್ ಗೋಯಿಂಗ್", "ಐ ಗೋ", "ಐ ವಿಲ್ ಬಿ ಗೋಯಿಂಗ್". ಪ್ರತಿಯೊಂದರ ಕೊನೆಗೂ "ಟುಮಾರೋ" ಸೇರಿಸಿ ನೋಡಿ, ಐದೂ ಸರಿಯಾದ ವಾಕ್ಯಗಳೇ. ಆದರೆ ಕೇಳಿದವರಿಗೆ ಐದರಿಂದಲೂ ಬೇರೆ ಬೇರೆ ಸುದ್ದಿ ಸಿಗುತ್ತದೆ. ಶಾಲೆಯ ಪಟ್ಟಿಯಲ್ಲಿ ಭೂತಕಾಲಕ್ಕೆ ಒಂದು ಸಾಲು, ವರ್ತಮಾನಕ್ಕೆ ಒಂದು ಸಾಲು, ಭವಿಷ್ಯತ್ತಿಗೆ ವಿಲ್ ಇರುವ ಒಂದು ಸಾಲು ಇರುತ್ತದೆ. ಅದನ್ನೇ ನಂಬಿಕೊಂಡು ಎಲ್ಲ ಕಡೆ ವಿಲ್ ಹಾಕಿದರೆ ವ್ಯಾಕರಣ ತಪ್ಪುವುದು ಕಡಿಮೆ, ಆದರೆ ಹೇಳಬೇಕಾದದ್ದು ಒಂದು, ಕೇಳಿಸಿದ್ದು ಇನ್ನೊಂದು ಆಗುತ್ತದೆ. ಇಲ್ಲಿ ಒಂದೊಂದೇ ಪ್ರಶ್ನೆ ಕೇಳಿಕೊಳ್ಳುತ್ತಾ ಹೋಗೋಣ. ನಿಮ್ಮ ವಾಕ್ಯಕ್ಕೆ ಯಾವ ಪ್ರಶ್ನೆಯಲ್ಲಿ ಉತ್ತರ ಸಿಗುತ್ತದೋ ಅಲ್ಲೇ ನಿಲ್ಲಿ.

ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ

ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯತ್ತಿನ ಸ್ವಂತ ರೂಪವೇ ಇಲ್ಲ. ಗೋ, ಗೋಸ್, ವೆಂಟ್, ಗಾನ್, ಗೋಯಿಂಗ್. ಇಷ್ಟರಲ್ಲೇ ಆ ಪದದ ರೂಪಗಳೆಲ್ಲ ಮುಗಿದವು, ನಾಳೆಗೆ ಅಂತ ಮೀಸಲಾದದ್ದು ಇದರಲ್ಲಿ ಒಂದೂ ಇಲ್ಲ. ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿ ಕ್ರಿಯಾಪದದ ಕೊನೆಗೇ ಭವಿಷ್ಯತ್ತಿನ ಪ್ರತ್ಯಯ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಏರ್ಪಾಡಿಲ್ಲ. 2002ರಲ್ಲಿ ಬಂದ ಕೇಂಬ್ರಿಡ್ಜ್‌ನ ದೊಡ್ಡ ಇಂಗ್ಲಿಷ್ ವ್ಯಾಕರಣದಲ್ಲಿ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ ಇದನ್ನು ನೇರವಾಗಿಯೇ ಹೇಳಿದ್ದಾರೆ: ಇಂಗ್ಲಿಷಿಗೆ ಭವಿಷ್ಯತ್ ಕಾಲ ಇಲ್ಲ, ವಿಲ್ ಅನ್ನುವುದು ಕ್ಯಾನ್, ಮೇ, ಮಸ್ಟ್ ಜೊತೆ ಸೇರುವ ಒಂದು ಸಹಾಯಕ ಪದ.

ಹಾಗಾದರೆ ನಾಳೆಯ ಮಾತನ್ನು ಹೇಳುವುದು ಹೇಗೆ? ಇವತ್ತಿನ ಯಾವುದೋ ಒಂದು ಸಂಗತಿಯನ್ನು ಹಿಡಿದುಕೊಂಡು. ವಿಲ್ ಹಳೆಯ ಇಂಗ್ಲಿಷಿನಲ್ಲಿ 'ಬಯಸು' ಅನ್ನುವ ಅರ್ಥದ ಪದವಾಗಿತ್ತು. ಶ್ಯಾಲ್ ಅಂದರೆ 'ಋಣ ಇದೆ, ಕೊಡಬೇಕಾಗಿದೆ' ಅಂತ ಇತ್ತು. ಗೋಯಿಂಗ್ ಟು ನಿಜವಾಗಿಯೂ ಹೊರಟು ನಡೆಯುವುದರಿಂದ ಬಂದದ್ದು. ಬಯಕೆ, ಋಣ, ನಡಿಗೆ, ಮೂರೂ ಈಗಿನವು. ಆದ್ದರಿಂದ ವಾಕ್ಯ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ದೊಡ್ಡ ಪ್ರಶ್ನೆ ಇದು: ಈ ನಾಳೆಗೆ ಇವತ್ತು ಆಧಾರ ಏನಿದೆ?

ಕನ್ನಡದವರಿಗೆ ಇದೇನೂ ಹೊಸದಲ್ಲ. ನಮ್ಮ "ಹೋಗ್ತೀನಿ" ದಿನಾ ಹೋಗುವುದಕ್ಕೂ ಬರುತ್ತದೆ, ನಾಳೆ ಹೋಗುವುದಕ್ಕೂ ಬರುತ್ತದೆ. ಬೇಕಾದಾಗ ಆಧಾರವನ್ನೂ ತೋರಿಸುತ್ತೇವೆ: "ಮಳೆ ಬರೋ ಹಾಗಿದೆ" ಅಂದರೆ ಮೋಡ ಕಾಣುತ್ತಿದೆ ಅಂತ, "ಹೋಗಬೇಕು ಅಂತಿದ್ದೀನಿ" ಅಂದರೆ ಮನಸ್ಸು ಮಾಡಿದ್ದೇನೆ ಅಂತ, "ಮಳೆ ಬಂದೀತು" ಅಂದರೆ ಹೇಳಲಾಗದು ಅಂತ. ನಾವು ಇದನ್ನು ಬೇಕೆನಿಸಿದಾಗ ಮಾತ್ರ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಪ್ರತಿ ಸಲವೂ ಆರಿಸಲೇಬೇಕು, ವ್ಯತ್ಯಾಸ ಅಷ್ಟೇ.

ಮೊದಲ ಪ್ರಶ್ನೆ: ನಿರ್ಧಾರ ಆಗಿದ್ದು ಯಾವಾಗ?

ಮಾತಾಡುವ ಕ್ಷಣದಲ್ಲೇ ನಿರ್ಧಾರ ಹುಟ್ಟಿದರೆ ವಿಲ್ ಹಾಕಿ. ಬಾಗಿಲು ತಟ್ಟಿದ ಸದ್ದಾಯಿತು, ನೀವು ಏಳುತ್ತಾ "ಐಲ್ ಗೆಟ್ ಇಟ್" ಅನ್ನುತ್ತೀರಿ. ಯಾರೋ ಭಾರ ಎತ್ತಲಾಗದೆ ಒದ್ದಾಡುತ್ತಿದ್ದಾರೆ, "ಐಲ್ ಹೆಲ್ಪ್ ಯು" ಅನ್ನುತ್ತೀರಿ. ಮಾತು ಕೊಡುವುದೂ ಇದರಲ್ಲೇ: "ಐ ವೋಂಟ್ ಟೆಲ್ ಎನಿಒನ್." ಇಲ್ಲೆಲ್ಲ ಆ ಹಳೆಯ ಬಯಕೆಯ ಅರ್ಥ ಇನ್ನೂ ಜೀವಂತವಾಗಿದೆ, ನೀವು ಮನಸ್ಸು ಕೊಡುತ್ತಿದ್ದೀರಿ.

ನಿರ್ಧಾರ ಮೊದಲೇ ಆಗಿದ್ದರೆ ಗೋಯಿಂಗ್ ಟು. "ಐ ಆಮ್ ಗೋಯಿಂಗ್ ಟು ಲರ್ನ್ ಡ್ರೈವಿಂಗ್ ದಿಸ್ ಇಯರ್" ಅಂದರೆ ಡ್ರೈವಿಂಗ್ ಕಲಿಯಬೇಕು ಅಂತ ಮನಸ್ಸು ಮಾಡಿಯಾಗಿದೆ. ಸೇರಿಕೊಂಡಿರಬೇಕು ಅಂತೇನಿಲ್ಲ.

ಎರಡನ್ನೂ ಒಂದೇ ಸನ್ನಿವೇಶದಲ್ಲಿಟ್ಟು ನೋಡಿ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಪ್ರಿಂಟರಿನಲ್ಲಿ ಪೇಪರ್ ಮುಗಿದಿದೆ ಅಂತ ಹೇಳುತ್ತಾರೆ. ನಿಮಗೆ ಅದು ಗೊತ್ತೇ ಇರಲಿಲ್ಲ, ಆಗ "ಓ, ಐಲ್ ಆರ್ಡರ್ ಸಮ್". ನಿಮಗೆ ಬೆಳಿಗ್ಗೆಯೇ ಗೊತ್ತಿತ್ತು, ತರಿಸುವ ಯೋಚನೆಯೂ ಇತ್ತು, ಆಗ "ಐ ನೋ, ಐ ಆಮ್ ಗೋಯಿಂಗ್ ಟು ಆರ್ಡರ್ ಸಮ್". ಈ ಎರಡನೆಯ ಕಡೆ "ಐ ನೋ, ಐ ವಿಲ್ ಆರ್ಡರ್ ಸಮ್" ಅಂದರೆ ಅವರು ಹೇಳಿದ ಮೇಲೆ ಹೊಳೆಯಿತು ಅನ್ನುವ ಹಾಗೆ ಕೇಳಿಸುತ್ತದೆ. ಮಾಡಿದ ಯೋಚನೆ ಲೆಕ್ಕಕ್ಕೇ ಬರುವುದಿಲ್ಲ. ಕೆಲಸದ ಜಾಗದಲ್ಲಿ ಈ ಸಣ್ಣ ವ್ಯತ್ಯಾಸಕ್ಕೆ ಬೆಲೆ ಇದೆ.

ಮಾತಿನಲ್ಲಿ ಗೋಯಿಂಗ್ ಟು ಸವೆದು "ಗೊನ" ಆಗುತ್ತದೆ. ಆದರೆ ನಿಜವಾಗಿ ಎಲ್ಲಿಗೋ ಹೋಗುವಾಗ ಹಾಗೆ ಸವೆಯುವುದಿಲ್ಲ. "ಐ ಆಮ್ ಗೊನ ಈಟ್" ಸರಿ, "ಐ ಆಮ್ ಗೊನ ಸ್ಕೂಲ್" ಯಾರೂ ಅನ್ನುವುದಿಲ್ಲ. ಗೊನ ಮಾತಿಗೆ ಮಾತ್ರ, ಆಫೀಸಿನ ಪತ್ರದಲ್ಲಿ ಬರೆಯಬೇಡಿ.

ಎರಡನೆಯ ಪ್ರಶ್ನೆ: ಬೇರೆಯವರ ಜೊತೆ ಮಾತಾಗಿದೆಯಾ?

ನಿಮ್ಮ ಮನಸ್ಸಿನ ಯೋಚನೆ ಹೊರಗೆ ಬಂದು, ಇನ್ನೊಬ್ಬರ ಜೊತೆ ಮಾತಾಗಿ, ದಿನ ಅಥವಾ ಹೊತ್ತು ಗೊತ್ತಾಗಿದ್ದರೆ ಈಗ ನಡೆಯುತ್ತಿರುವುದನ್ನು ಹೇಳುವ ರೂಪವನ್ನೇ ಬಳಸಿ. "ಐ ಆಮ್ ಸೀಯಿಂಗ್ ದ ಡಾಕ್ಟರ್ ಆನ್ ಮಂಡೇ" ಅಂದರೆ ಅಪಾಯಿಂಟ್‌ಮೆಂಟ್ ಆಗಿದೆ. "ಐ ಆಮ್ ಗೋಯಿಂಗ್ ಟು ಸೀ ಎ ಡಾಕ್ಟರ್" ಅಂದರೆ ತೋರಿಸಬೇಕು ಅಂತ ತೀರ್ಮಾನವಾಗಿದೆ, ಇನ್ನೂ ಫೋನ್ ಮಾಡದೆಯೂ ಇರಬಹುದು. ಗೊಂದಲವಾದರೆ ಒಂದು ಪರೀಕ್ಷೆ ಇದೆ: ಇದನ್ನು ಕ್ಯಾಲೆಂಡರಿನ ಒಂದು ಚೌಕದಲ್ಲಿ ಬರೆದಿಡಬಹುದಾ? ಬರೆದಿಡಬಹುದಾದರೆ ಈ ರೂಪ ಹೊಂದುತ್ತದೆ.

ಕರೆದವರಿಗೆ ಬರಲಾಗುವುದಿಲ್ಲ ಅಂತ ಹೇಳುವಾಗ ಇದು ತುಂಬಾ ಮುಖ್ಯ. ಯಾರೋ ಭಾನುವಾರ ಊಟಕ್ಕೆ ಕರೆದರು. "ಸಾರಿ, ಐ ವಿಲ್ ವರ್ಕ್ ಆನ್ ಸಂಡೇ" ಅಂದರೆ ಕರೆದ ಮೇಲೆ ಆ ನೆಪವನ್ನು ಈಗಷ್ಟೇ ಹುಡುಕಿಕೊಂಡ ಹಾಗೆ ಕೇಳಿಸುತ್ತದೆ, ಏಕೆಂದರೆ ವಿಲ್ ಆ ಕ್ಷಣದ ನಿರ್ಧಾರವನ್ನು ಹೇಳುವ ಪದ. "ಸಾರಿ, ಐ ಆಮ್ ವರ್ಕಿಂಗ್ ಆನ್ ಸಂಡೇ" ಅಂದರೆ ಮೊದಲೇ ಗೊತ್ತಾದ ಕೆಲಸ, ಯಾರಿಗೂ ಬೇಜಾರಿಲ್ಲ. ಹೇಳುವವರ ಮನಸ್ಸಿನಲ್ಲಿ ಸುಳ್ಳು ಇರುವುದಿಲ್ಲ, ರೂಪ ತಪ್ಪಿದ್ದಕ್ಕೆ ಹಾಗೆ ಅನಿಸುತ್ತದೆ. ಈ ಲೇಖನದಿಂದ ಒಂದೇ ಬದಲಾವಣೆ ಮಾಡಿಕೊಳ್ಳುವುದಾದರೆ ಇದನ್ನೇ ಮಾಡಿಕೊಳ್ಳಿ ಅನ್ನುತ್ತೇನೆ.

ಎರಡು ಎಚ್ಚರಿಕೆಗಳಿವೆ. ಕಾಲ ಹೇಳುವ ಪದ ಬಿಡಬೇಡಿ. ಬರೀ "ಐ ಆಮ್ ವರ್ಕಿಂಗ್" ಅಂದರೆ ಈಗ ಕೆಲಸದಲ್ಲಿದ್ದೀರಿ ಅಂತಾಗುತ್ತದೆ, ಮೊದಲೇ ನಾಳೆಯ ಮಾತು ನಡೆಯುತ್ತಿದ್ದರೆ ಬೇರೆ ವಿಷಯ. ಇನ್ನೊಂದು, ಯಾರೂ ಏರ್ಪಾಡು ಮಾಡಲಾಗದ ಸಂಗತಿಗಳಿಗೆ ಇದು ಬರುವುದಿಲ್ಲ. "ಇಟ್ ಈಸ್ ರೇನಿಂಗ್ ಟುಮಾರೋ" ಅನ್ನಲಾಗದು, ಮಳೆ ಯಾರ ಜೊತೆಗೂ ದಿನ ಗೊತ್ತು ಮಾಡಿಕೊಂಡಿರುವುದಿಲ್ಲ.

ವೇಳಾಪಟ್ಟಿ ಇದ್ದರೆ

ಇದು ಸುಲಭ. ರೈಲು, ವಿಮಾನ, ಪರೀಕ್ಷೆ, ಸಿನಿಮಾ, ತರಗತಿ, ಇಂಥ ಮೊದಲೇ ಅಚ್ಚಾದ ವೇಳೆಗಳಿಗೆ ಸಾದಾ ವರ್ತಮಾನ ಸಾಕು. "ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ." "ವೆನ್ ಡಸ್ ದ ಕೋರ್ಸ್ ಸ್ಟಾರ್ಟ್?" ಪಂಚಾಂಗ, ಕ್ಯಾಲೆಂಡರಿನ ಸಂಗತಿಗಳೂ ಇದರಲ್ಲೇ: "ಟುಮಾರೋ ಈಸ್ ಸಂಡೇ." ಇಲ್ಲಿ ವಿಲ್ ಹಾಕಿದರೂ ತಪ್ಪಾಗದು, ಆದರೆ ಸ್ಟೇಷನ್ನಿನಲ್ಲಿ ನಿಂತು ವೇಳೆ ಕೇಳುವವರ ಬಾಯಲ್ಲಿ ಜಾಸ್ತಿ ಬರುವುದು ವಿಲ್ ಇಲ್ಲದ ರೂಪವೇ.

ಊಹೆಯಾದರೆ: ಕಣ್ಣಿಗೆ ಏನಾದರೂ ಕಾಣುತ್ತಿದೆಯಾ?

ಇಲ್ಲಿಯವರೆಗೆ ಮನುಷ್ಯರು ತೀರ್ಮಾನಿಸುವ ಸಂಗತಿಗಳನ್ನು ನೋಡಿದೆವು. ತಾನಾಗಿ ಆಗುವ ಸಂಗತಿಗಳ ಬಗ್ಗೆ ಹೇಳುವಾಗ ಪ್ರಶ್ನೆ ಬದಲಾಗುತ್ತದೆ. ಆಗಲಿದೆ ಅನ್ನುವುದರ ಗುರುತು ಈಗಲೇ ಕಾಣುತ್ತಿದ್ದರೆ ಗೋಯಿಂಗ್ ಟು. ಕಪ್ಪು ಮೋಡ ಕವಿದಿದೆ: "ಇಟ್ ಈಸ್ ಗೋಯಿಂಗ್ ಟು ರೇನ್." ಮಗು ಗೋಡೆಯ ಅಂಚಿನಲ್ಲಿ ವಾಲಾಡುತ್ತಿದೆ: "ಶೀ ಈಸ್ ಗೋಯಿಂಗ್ ಟು ಫಾಲ್!" ಇಲ್ಲಿ "ಶೀ ವಿಲ್ ಫಾಲ್" ಅಂದರೆ ಎಲ್ಲೋ ಮುಂದಿನ ದಿನದ ಭವಿಷ್ಯ ನುಡಿದ ಹಾಗಾಗುತ್ತದೆ, ಯಾರೂ ಓಡಿ ಹೋಗಿ ಹಿಡಿಯುವುದಿಲ್ಲ.

ಗುರುತು ಕಾಣದೆ, ನಿಮ್ಮ ತಿಳಿವಳಿಕೆಯಿಂದಲೋ ಅಭಿಪ್ರಾಯದಿಂದಲೋ ಹೇಳಿದರೆ ವಿಲ್. "ಐ ಥಿಂಕ್ ಶೀ ವಿಲ್ ಲೈಕ್ ಇಟ್." ಹೀಗಾದರೆ ಹಾಗಾಗುತ್ತದೆ ಅನ್ನುವ ಮಾತಿಗೂ ವಿಲ್ಲೇ. "ಡೋಂಟ್ ಕ್ಲೈಂಬ್ ಅಪ್ ದೇರ್, ಯೂಲ್ ಫಾಲ್" ಅನ್ನುವಾಗ ಮಗು ಇನ್ನೂ ಹತ್ತಿಲ್ಲ, ಹತ್ತಿದರೆ ಬೀಳುತ್ತೀಯ ಅಂತ ಎಚ್ಚರಿಕೆ. ಹತ್ತಿ ವಾಲಿದ ಮೇಲೆ ಗೋಯಿಂಗ್ ಟು. ಒಂದೇ ಮಗು, ಒಂದೇ ಗೋಡೆ, ಹೊತ್ತು ಮಾತ್ರ ಬೇರೆ.

ಖಾತ್ರಿ ಇಲ್ಲದಿದ್ದರೆ ವಿಲ್ ಹಾಕಿ "ಮೇ ಬಿ" ಅಂಟಿಸುವ ಅಭ್ಯಾಸ ಬಿಡಿ. ಖಾತ್ರಿಯ ಮಟ್ಟ ಹೇಳುವ ಪದಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. "ಇಟ್ ಮೇ ರೇನ್" ಅಂದರೆ ಮಳೆ ಬರಬಹುದು. "ಇಟ್ ಮೈಟ್ ರೇನ್" ಅಂದರೆ ಬಂದರೂ ಬಂದೀತು. "ಶೀ ಶುಡ್ ಬಿ ಹಿಯರ್ ಬೈ ಟೆನ್" ಅಂದರೆ ಲೆಕ್ಕದ ಪ್ರಕಾರ ಹತ್ತರ ಹೊತ್ತಿಗೆ ಬಂದಿರಬೇಕು. "ಹೀ ಈಸ್ ಲೈಕ್ಲಿ ಟು ವಿನ್" ಅಂದರೆ ಗೆಲ್ಲುವ ಸಂಭವ ಜಾಸ್ತಿ. "ಹೀ ಈಸ್ ಬೌಂಡ್ ಟು ವಿನ್" ಅಂದರೆ ಗೆದ್ದೇ ಗೆಲ್ಲುತ್ತಾನೆ. ವಿಲ್ ಜೊತೆ "ಪ್ರಾಬಬ್ಲಿ" ಸೇರಿಸುವುದಾದರೆ ಜಾಗ ನೋಡಿಕೊಳ್ಳಿ: "ಶೀ ವಿಲ್ ಪ್ರಾಬಬ್ಲಿ ಕಮ್", ಇಲ್ಲ ಅನ್ನುವಾಗ "ಶೀ ಪ್ರಾಬಬ್ಲಿ ವೋಂಟ್ ಕಮ್".

ಬಂದಾಗ, ಬಂದ್ರೆ: ಇಲ್ಲಿ ವಿಲ್ ಬೇಡ

ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವ ಜಾಗ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. "ವೆನ್ ಹೀ ವಿಲ್ ಕಮ್, ಐ ವಿಲ್ ಟೆಲ್ ಹಿಮ್" ಅನ್ನುವುದು ತಪ್ಪು. "ವೆನ್ ಹೀ ಕಮ್ಸ್, ಐ ವಿಲ್ ಟೆಲ್ ಹಿಮ್" ಸರಿ. ವೆನ್, ಇಫ್, ಆಫ್ಟರ್, ಬಿಫೋರ್, ಅಂಟಿಲ್, ಆಸ್ ಸೂನ್ ಆಸ್, ಅನ್‌ಲೆಸ್, ಇನ್ ಕೇಸ್, ಇವುಗಳಿಂದ ಶುರುವಾಗುವ ಉಪವಾಕ್ಯದಲ್ಲಿ ನಾಳೆಯ ಸಂಗತಿಯಾದರೂ ವರ್ತಮಾನವೇ ಬರುತ್ತದೆ. ವಿಲ್ ಮುಖ್ಯ ವಾಕ್ಯದಲ್ಲಿ ಒಂದು ಸಲ ಬಂದರೆ ಸಾಕು.

ನಿಯಮ ಬಾಯಿಪಾಠ ಮಾಡುವ ಬದಲು ಕನ್ನಡವನ್ನೇ ಕೇಳಿ. ನಾವು "ಅವನು ಬಂದಾಗ ಹೇಳ್ತೀನಿ" ಅನ್ನುತ್ತೇವೆ. "ಬಂದ್ರೆ ಹೇಳ್ತೀನಿ", "ಬಂದ ಮೇಲೆ ಹೇಳ್ತೀನಿ", "ಬಂದ ತಕ್ಷಣ ಹೇಳ್ತೀನಿ" ಅನ್ನುತ್ತೇವೆ. ಅವನು ಬರುವುದು ಇನ್ನೂ ಮುಂದಿದೆ, ಆದರೂ ನಾವು ಅಲ್ಲಿ ಭವಿಷ್ಯತ್ತಿನ ರೂಪ ಹಾಕುವುದಿಲ್ಲ, ಆಗಿಹೋದದ್ದನ್ನು ಹೇಳುವ 'ಬಂದ' ಅನ್ನುವುದನ್ನೇ ಹಾಕುತ್ತೇವೆ. ಮುಂದಿನದು ಅನ್ನುವ ಅರ್ಥ ಕೊನೆಯ "ಹೇಳ್ತೀನಿ"ಯಿಂದಲೇ ಸಿಗುತ್ತದೆ. ಇಂಗ್ಲಿಷ್ ಕೂಡ ಹಾಗೆಯೇ ಒಂದೇ ಕಡೆ ಹೇಳಿ ಸುಮ್ಮನಾಗುತ್ತದೆ.

ಇನ್ನೂ ಒಂದು ಅನುಕೂಲ ಇದೆ. ವೆನ್ ಮತ್ತು ಇಫ್ ನಂತರ ವಿಲ್ ಬರುವ ವಾಕ್ಯಗಳೂ ಇವೆ. "ಐ ಡೋಂಟ್ ನೋ ವೆನ್ ಹೀ ವಿಲ್ ಕಮ್" ಪೂರ್ತಿ ಸರಿ. ಯಾಕೆ ಅಂತ ಎಷ್ಟೋ ಜನ ಕಕ್ಕಾಬಿಕ್ಕಿಯಾಗುತ್ತಾರೆ. ಕನ್ನಡಕ್ಕೆ ತಂದು ನೋಡಿ: "ಅವನು ಯಾವಾಗ ಬರ್ತಾನೋ ಗೊತ್ತಿಲ್ಲ." ಇಲ್ಲಿ "ಬಂದಾಗ" ಬರುವುದೇ ಇಲ್ಲ. ಇದು ಒಳಗೆ ಅಡಗಿರುವ ಪ್ರಶ್ನೆ. ಇಂಗ್ಲಿಷಿನಲ್ಲಿ ಎರಡಕ್ಕೂ ವೆನ್ ಒಂದೇ, ಕನ್ನಡದಲ್ಲಿ "ಬಂದಾಗ" ಬೇರೆ, "ಯಾವಾಗ" ಬೇರೆ. ಇಫ್ ಕೂಡ ಹೀಗೇ. "ಬಂದ್ರೆ" ಅಂತಾದರೆ ವಿಲ್ ಬೇಡ: "ಇಫ್ ಹೀ ಕಮ್ಸ್". "ಬರ್ತಾನೋ ಇಲ್ವೋ" ಅಂತಾದರೆ ವಿಲ್ ಬರಬಹುದು: "ಐ ಡೋಂಟ್ ನೋ ಇಫ್ ಹೀ ವಿಲ್ ಕಮ್". ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇಲ್ಲದ ಅಳತೆಗೋಲು ನಮ್ಮ ಕೈಯಲ್ಲಿದೆ, ಉಪಯೋಗಿಸಿಕೊಳ್ಳೋಣ.

ಒಂದು ಕೆಲಸ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಅಂತ ಒತ್ತಿ ಹೇಳಬೇಕಾದರೆ "ಹ್ಯಾವ್" ಸೇರಿಸಿ: "ಐಲ್ ಕಾಲ್ ಯು ವೆನ್ ಐ ಹ್ಯಾವ್ ಫಿನಿಷ್ಡ್." ಇಫ್ ನಂತರ ವಿಲ್ ಬರುವ ಇನ್ನೊಂದು ಸಂದರ್ಭ ಮರ್ಯಾದೆಯ ಕೋರಿಕೆ. "ಇಫ್ ಯು ವಿಲ್ ವೇಟ್ ಹಿಯರ್, ಐಲ್ ಕಾಲ್ ಹರ್" ಅಂದರೆ ದಯವಿಟ್ಟು ಕಾಯುವುದಾದರೆ ಅಂತ. ಇದೂ ಒಪ್ಪಿಗೆಯ ಮಾತೇ, ಅದೇ ಹಳೆಯ ಬಯಕೆಯ ಅರ್ಥ.

"ಹೋಪ್" ನಂತರ ಎರಡೂ ನಡೆಯುತ್ತದೆ. "ಐ ಹೋಪ್ ಯು ಗೆಟ್ ದ ಜಾಬ್" ಅಂದರೂ ಸರಿ, "ಐ ಹೋಪ್ ಯೂಲ್ ಗೆಟ್ ದ ಜಾಬ್" ಅಂದರೂ ಸರಿ.

ಆ ಹೊತ್ತಿಗೆ ಕೆಲಸದ ನಡುವೆಯೋ, ಮುಗಿದೋ?

ನಾಳೆಯ ಒಂದು ಹೊತ್ತನ್ನು ಗುರುತಿಟ್ಟುಕೊಂಡು ಅಲ್ಲಿ ನಿಂತು ನೋಡುವ ರೂಪಗಳು ಎರಡಿವೆ. ಆ ಹೊತ್ತಿಗೆ ಕೆಲಸ ನಡೆಯುತ್ತಿರುತ್ತದೆ ಅಂತಾದರೆ ವಿಲ್ ಬಿ: "ಡೋಂಟ್ ಕಾಲ್ ಅಟ್ ನೈನ್, ಐಲ್ ಬಿ ಡ್ರೈವಿಂಗ್." ಕನ್ನಡದ "ಓಡಿಸ್ತಾ ಇರ್ತೀನಿ" ಇದಕ್ಕೆ ಸರಿಸಮ. ಆ ಹೊತ್ತಿಗೆ ಮುಗಿದಿರುತ್ತದೆ ಅಂತಾದರೆ ವಿಲ್ ಹ್ಯಾವ್: "ಐಲ್ ಹ್ಯಾವ್ ಫಿನಿಷ್ಡ್ ಬೈ ನೈನ್." ಇದು "ಮುಗಿಸಿರ್ತೀನಿ". ನಮ್ಮಲ್ಲಿ "ಇರ್ತೀನಿ" ಮಾಡುವ ಕೆಲಸವನ್ನೇ ಅಲ್ಲಿ ಬಿ ಮತ್ತು ಹ್ಯಾವ್ ಹಂಚಿಕೊಂಡಿವೆ. ಮುಗಿಯುವ ಮಾತಿಗೆ ಜೊತೆಯಾಗಿ ಬೈ ಬರುತ್ತದೆ, ಅಂಟಿಲ್ ಬರುವುದಿಲ್ಲ. "ಬೈ ನೈನ್" ಅಂದರೆ ಒಂಬತ್ತರ ಒಳಗೆ, "ಅಂಟಿಲ್ ನೈನ್" ಅಂದರೆ ಒಂಬತ್ತರವರೆಗೂ.

ವಿಲ್ ಬಿ ರೂಪಕ್ಕೆ ಇನ್ನೊಂದು ಒಳ್ಳೆಯ ಗುಣ ಇದೆ, ಒತ್ತಾಯ ಇಲ್ಲದೆ ವಿಚಾರಿಸುವುದು. "ವಿಲ್ ಯು ಕಮ್?" ಅಂದರೆ ಬಾ ಅಂತ ಕೇಳಿಕೊಂಡ ಹಾಗೆ. "ಆರ್ ಯು ಕಮಿಂಗ್?" ಅಂದರೆ ಬರುವುದು ಗೊತ್ತಾಗಿದೆಯಾ ಅಂತ. "ವಿಲ್ ಯು ಬಿ ಕಮಿಂಗ್?" ಅಂದರೆ ಬರುವ ಅಂದಾಜು ಇದೆಯಾ, ಹೇಗಿದ್ದರೂ ಪರವಾಗಿಲ್ಲ ಅಂತ. ಅತಿಥಿಗಳನ್ನು, ಹಿರಿಯರನ್ನು, ಗ್ರಾಹಕರನ್ನು ಕೇಳುವಾಗ ಈ ಮೂರನೆಯದು ಹಿತವಾಗಿರುತ್ತದೆ. "ಆರ್ ಯು ಗೋಯಿಂಗ್ ಟು ಹೆಲ್ಪ್ ಮಿ?" ಅನ್ನುವುದನ್ನು ಮಾತ್ರ ನೋಡಿಕೊಂಡು ಬಳಸಿ, ಧ್ವನಿ ಸ್ವಲ್ಪ ಏರಿದರೂ "ಸಹಾಯ ಮಾಡ್ತೀಯೋ ಇಲ್ವೋ" ಅಂತ ಗದರಿದ ಹಾಗಾಗುತ್ತದೆ. ಸಹಾಯ ಬೇಕಾದರೆ "ವಿಲ್ ಯು ಹೆಲ್ಪ್ ಮಿ?" ಅನ್ನಿ, ಇನ್ನೂ ಮೃದುವಾಗಿ ಬೇಕಾದರೆ "ಕುಡ್ ಯು".

ವಿಲ್ ಬಿ ಹಿತವಾಗಿದೆ ಅಂತ ಎಲ್ಲ ವಾಕ್ಯಕ್ಕೂ ಅದನ್ನೇ ತುರುಕುವ ಅಭ್ಯಾಸವೂ ಒಳ್ಳೆಯದಲ್ಲ. "ಐ ವಿಲ್ ಬಿ ಸೆಂಡಿಂಗ್", "ವಿ ವಿಲ್ ಬಿ ಹ್ಯಾವಿಂಗ್ ಎ ಮೀಟಿಂಗ್" ಅಂತ ಮೇಲ್ ತುಂಬಾ ಬರೆದರೆ ಓದುವವರಿಗೆ ಆಯಾಸ. "ವಿ ಹ್ಯಾವ್ ಎ ಮೀಟಿಂಗ್ ಟುಮಾರೋ" ಸಾಕು.

ಇಲ್ಲ ಅನ್ನುವಾಗ

ನಿರಾಕರಣೆಯಲ್ಲಿ ಬಯಕೆಯ ಅರ್ಥ ಇನ್ನೂ ಗಟ್ಟಿಯಾಗಿ ಎದ್ದು ಬರುತ್ತದೆ. "ಹೀ ವೋಂಟ್ ಈಟ್" ಅಂದರೆ ತಿನ್ನಲ್ಲ ಅಂತ ಹಟ ಮಾಡುತ್ತಿದ್ದಾನೆ ಅಂತಲೂ ಆಗುತ್ತದೆ. ನಮ್ಮ "ಒಲ್ಲೆ" ಇದ್ದ ಹಾಗೆ. ಜೀವ ಇಲ್ಲದ ವಸ್ತುಗಳಿಗೂ ಇದನ್ನು ಹೇಳುತ್ತಾರೆ: "ದ ಕಾರ್ ವೋಂಟ್ ಸ್ಟಾರ್ಟ್", ಅದು ನಾಳೆಯ ಮಾತೇ ಅಲ್ಲ, ಈಗ ಎಷ್ಟು ಮಾಡಿದರೂ ಸ್ಟಾರ್ಟ್ ಆಗುತ್ತಿಲ್ಲ ಅಂತ. ಹಾಗಾಗಿ ಬರಲಾಗುವುದಿಲ್ಲ ಅನ್ನುವುದನ್ನು "ಐ ವೋಂಟ್ ಕಮ್" ಅಂದರೆ ಬರಲೊಲ್ಲೆ ಅಂದ ಹಾಗಾದೀತು. "ಐ ಆಮ್ ನಾಟ್ ಕಮಿಂಗ್" ಬರೀ ಸುದ್ದಿ. "ಐ ವೋಂಟ್ ಬಿ ಏಬಲ್ ಟು ಕಮ್" ಅಂದರೆ ಮನಸ್ಸಿದೆ, ಆಗುವುದಿಲ್ಲ. ಈ ಮೂರನೆಯದನ್ನು ಬಾಯಿಗೆ ರೂಢಿ ಮಾಡಿಕೊಳ್ಳಿ.

ವುಡ್ ಹಾಕಿದರೆ ಮರ್ಯಾದೆ ಜಾಸ್ತಿ ಆಗುವುದಿಲ್ಲ

"ಐ ವುಡ್ ಬಿ ಕಮಿಂಗ್ ಟುಮಾರೋ", "ದ ಮೀಟಿಂಗ್ ವುಡ್ ಸ್ಟಾರ್ಟ್ ಅಟ್ ಟೆನ್" ಅಂತ ಬರೆಯುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ವಿಲ್‌ಗಿಂತ ವುಡ್ ವಿನಯದ್ದು ಅನ್ನುವ ನಂಬಿಕೆ ಇದರ ಹಿಂದಿದೆ. ಕೋರಿಕೆಯಲ್ಲಿ ಅದು ನಿಜ: "ವುಡ್ ಯು ಪ್ಲೀಸ್ ಸಿಟ್ ಡೌನ್?" ಆದರೆ ನಾಳೆಯ ಸುದ್ದಿ ಹೇಳುವಾಗ ವುಡ್ ಬಂದರೆ ಕೇಳಿದವರು ಮುಂದಿನ ಮಾತಿಗೆ ಕಾಯುತ್ತಾರೆ. "ಬರ್ತಿದ್ದೆ, ಆದರೆ..." ಅಂತ ಏನೋ ಇದೆ ಅಂದುಕೊಳ್ಳುತ್ತಾರೆ. ಬರುವುದು ಖಚಿತವಾಗಿದ್ದರೆ ವಿಲ್ ಅಥವಾ ಐ ಆಮ್ ಕಮಿಂಗ್.

ವುಡ್ ಸರಿಯಾಗಿ ಬೇಕಾಗುವುದು ನಿನ್ನೆ ನಿಂತು ನಾಳೆಯನ್ನು ನೋಡಿದಾಗ. ಅವಳು ನಿನ್ನೆ "ಐ ವಿಲ್ ಕಾಲ್" ಅಂದಿದ್ದಳು, ಇವತ್ತು ನೀವು ಅದನ್ನು ಹೇಳುವಾಗ "ಶೀ ಸೆಡ್ ಶೀ ವುಡ್ ಕಾಲ್". ಗೋಯಿಂಗ್ ಟು ಕೂಡ ಹೀಗೆ ಹಿಂದಕ್ಕೆ ಹೋಗುತ್ತದೆ: "ಐ ವಾಸ್ ಗೋಯಿಂಗ್ ಟು ಕಾಲ್ ಯು" ಅಂದರೆ ಮಾಡೋಣ ಅಂತಿದ್ದೆ, ಮಾಡಲಿಲ್ಲ. ಮಾಡಲಿಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಶ್ಯಾಲ್ ಬೇಕಾ?

ಹಳೆಯ ವ್ಯಾಕರಣ ಪುಸ್ತಕಗಳಲ್ಲಿ ಐ ಮತ್ತು ವಿ ಜೊತೆ ಶ್ಯಾಲ್, ಉಳಿದವರ ಜೊತೆ ವಿಲ್ ಅನ್ನುವ ನಿಯಮ ಇದೆ. ಮಾತು ಕೊಡುವಾಗ, ಬೆದರಿಸುವಾಗ ಅದು ತಿರುಗುಮುರುಗು. ಇದು ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲೇ ಇದೆ. ಗಣಿತದಲ್ಲಿ ಅನಂತಕ್ಕೆ ಬಳಸುವ, ಮಲಗಿದ ಎಂಟರಂಥ ಗುರುತನ್ನು ತಂದವರೂ ಇವರೇ. ಈಗಿನ ಮಾತಿಗೆ ಆ ನಿಯಮ ಬೇಡ. ಶ್ಯಾಲ್ ಉಳಿದಿರುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಕೇಳುವಾಗ: "ಶ್ಯಾಲ್ ಐ ಓಪನ್ ದ ವಿಂಡೋ?" ಅಂದರೆ ತೆಗೀಲಾ, "ಶ್ಯಾಲ್ ವಿ ಗೋ?" ಅಂದರೆ ಹೋಗೋಣ್ವಾ. ಎರಡನೆಯದು ಕಾನೂನು, ಕರಾರುಪತ್ರ. ಅಲ್ಲಿ ಶ್ಯಾಲ್ ಅಂದರೆ ಮಾಡತಕ್ಕದ್ದು. ಅಲ್ಲೂ ಅದು ಕಡಿಮೆಯಾಗುತ್ತಿದೆ, ಅಮೆರಿಕದ ಫೆಡರಲ್ ಸಿವಿಲ್ ನ್ಯಾಯಾಲಯಗಳ ನಡಾವಳಿ ನಿಯಮಗಳನ್ನು 2007ರಲ್ಲಿ ಸರಳ ಭಾಷೆಗೆ ತಿದ್ದಿದಾಗ ಬಹುತೇಕ ಶ್ಯಾಲ್‌ಗಳನ್ನು ತೆಗೆದು ಮಸ್ಟ್ ಥರದ ಪದಗಳನ್ನು ಹಾಕಿದರು.

ಇನ್ನೆರಡು ಸಣ್ಣ ಸಂಗತಿಗಳು

ಇನ್ನೇನು ಆಗಲಿದೆ ಅನ್ನುವಷ್ಟು ಹತ್ತಿರದ್ದಾದರೆ "ಅಬೌಟ್ ಟು": "ದ ಫಿಲ್ಮ್ ಈಸ್ ಅಬೌಟ್ ಟು ಸ್ಟಾರ್ಟ್." ಇದರ ಜೊತೆ ಗಂಟೆ, ದಿನ ಹೇಳಬಾರದು. ನಿಗದಿಯಾದ ಹೊತ್ತು ಹೇಳಬೇಕಾದರೆ "ಡ್ಯೂ ಟು": "ದ ಫ್ಲೈಟ್ ಈಸ್ ಡ್ಯೂ ಟು ಲ್ಯಾಂಡ್ ಅಟ್ ಫೈವ್." ಸುದ್ದಿಯ ತಲೆಬರಹಗಳಲ್ಲಿ ಕ್ರಿಯಾಪದದ ಹಿಂದೆ ಬರೀ ಟು ಕಂಡರೆ, ಅದು ಕೂಡ ಮುಂದೆ ಆಗುವುದೇ. "ಮಿನಿಸ್ಟರ್ ಟು ರಿಸೈನ್" ಅಂದರೆ ಸಚಿವರು ರಾಜೀನಾಮೆ ಕೊಡಲಿದ್ದಾರೆ.

ಎರಡು ದಿನ ಬಿಟ್ಟು ಬರ್ತೀನಿ ಅನ್ನುವುದಕ್ಕೆ "ಆಫ್ಟರ್ ಟೂ ಡೇಸ್" ಅನ್ನುವುದು ನಮ್ಮ ರೂಢಿ. ಈಗಿನಿಂದ ಎಣಿಸುವಾಗ ಇಂಗ್ಲಿಷಿನಲ್ಲಿ "ಇನ್" ಬೇಕು: "ಐಲ್ ಬಿ ಬ್ಯಾಕ್ ಇನ್ ಟೂ ಡೇಸ್." "ವಿದಿನ್ ಟೂ ಡೇಸ್" ಅಂದರೆ ಎರಡು ದಿನದ ಒಳಗೆ, ಇವತ್ತು ಸಂಜೆಯೂ ಆಗಬಹುದು. ಕೆಲಸ ಒಪ್ಪಿಕೊಳ್ಳುವಾಗ ಇವೆರಡನ್ನು ಅದಲುಬದಲು ಮಾಡಿದರೆ ಗಡುವಿನಲ್ಲೇ ಗೊಂದಲವಾಗುತ್ತದೆ.

ಅಭ್ಯಾಸ ಹೀಗೆ ಮಾಡಿ

ವ್ಯಾಕರಣದ ಪುಸ್ತಕ ತೆರೆಯಬೇಕಾಗಿಲ್ಲ. ನಿಮ್ಮ ನಾಳೆಯನ್ನೇ ತೆಗೆದುಕೊಳ್ಳಿ. ರಾತ್ರಿ ಮಲಗುವ ಮೊದಲು ನಾಳೆಯ ಬಗ್ಗೆ ಏಳೆಂಟು ಸಾಲು ಇಂಗ್ಲಿಷಿನಲ್ಲಿ ಬರೆಯಿರಿ. ಗೊತ್ತಾಗಿರುವ ಭೇಟಿಗಳು, ಮನಸ್ಸಿನಲ್ಲಿರುವ ಯೋಚನೆಗಳು, ಬಸ್ಸಿನದೋ ತರಗತಿಯದೋ ವೇಳೆ, ಒಂದೆರಡು ಊಹೆ, ಒಂದು "ಬಂದ್ರೆ", ಒಂದು "ಆ ಹೊತ್ತಿಗೆ ಮುಗಿಸಿರ್ತೀನಿ". ಪ್ರತಿ ಸಾಲಿನ ಪಕ್ಕ ಆಧಾರ ಏನು ಅಂತ ಕನ್ನಡದಲ್ಲಿ ಒಂದೆರಡು ಪದ ಬರೆಯಿರಿ: ಈಗಿನ ನಿರ್ಧಾರ, ಯೋಚನೆ, ಏರ್ಪಾಡು, ವೇಳಾಪಟ್ಟಿ, ಗುರುತು, ಊಹೆ. ಆಧಾರಕ್ಕೂ ರೂಪಕ್ಕೂ ಹೊಂದದಿದ್ದರೆ ಅಲ್ಲೇ ತಿದ್ದಿ.

ಮರುದಿನ ರಾತ್ರಿ ಅದೇ ಸಾಲುಗಳನ್ನು ತೆಗೆದು, ಆಗದೇ ಉಳಿದವನ್ನು "ವಾಸ್ ಗೋಯಿಂಗ್ ಟು" ಹಾಕಿ ಬರೆಯಿರಿ, ಮತ್ತೆ ಮಾಡಬೇಕು ಅನಿಸಿದ್ದನ್ನು ಮುಂದಿನ ದಿನದ ಪಟ್ಟಿಗೆ ಹೊಸ ರೂಪದಲ್ಲಿ ಸೇರಿಸಿ. ಮೊನ್ನೆ ಬರೀ ಯೋಚನೆಯಾಗಿದ್ದದ್ದು ಇವತ್ತು ಯಾರ ಜೊತೆಗಾದರೂ ಗೊತ್ತಾಗಿದ್ದರೆ ಗೋಯಿಂಗ್ ಟು ತೆಗೆದು ಐ ಆಮ್ ಸೀಯಿಂಗ್, ಐ ಆಮ್ ಮೀಟಿಂಗ್ ಅಂತ ಬದಲಾಯಿಸಿ. ಮೊದಮೊದಲು ಪ್ರತಿ ಸಾಲಿಗೂ ನಿಂತು ಯೋಚಿಸಬೇಕಾಗುತ್ತದೆ. ಬರೆದದ್ದನ್ನು ಒಂದು ಸಲ ಜೋರಾಗಿ ಓದಿ, "ಐ ವಿಲ್" ಅಂತ ಪೂರ್ತಿ ಬಿಡಿಸಿ ಹೇಳುವ ಬದಲು "ಐಲ್", "ಶೀಲ್", "ವೋಂಟ್" ಅಂತ ಕೂಡಿಸಿ ಹೇಳಿ. ಮಾತಿನಲ್ಲಿ ಜನ ಹೇಳುವುದೂ ಹಾಗೆಯೇ, ಬಿಡಿಸಿ ಹೇಳುವುದು ಒತ್ತಿ ಹೇಳಬೇಕಾದಾಗ ಮಾತ್ರ.